ವಿಷುಯಲ್ ಸೆಪರೇಷನ್: ಕಣ್ಣಳತೆಯ ಅಂತರ

ನಿಲ್ದಾಣದ ಸಮೀಪ ಹಾರುವ ಪೈಲಟ್ ಮತ್ತೊಂದು ವಿಮಾನವನ್ನು ಕಣ್ಣಾರೆ ಗುರುತಿಸಿ, ಅದರಿಂದ ದೂರವಿರುವ ಹೊಣೆಯನ್ನು ತಾನೇ ಹೊರುವ ಪದ್ಧತಿ. ರೇಡಾರ್ ನೋಡಿ ವಿಮಾನಗಳನ್ನು ಬೇರ್ಪಡಿಸುವ ಕಂಟ್ರೋಲರ್ ಅಲ್ಲಿ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ ಅಂತರ ಬಿಡಬೇಕು. ಪೈಲಟ್ 'ಕಾಣುತ್ತಿದೆ' ಎಂದರೆ ಅಷ್ಟು ಬೇಕಿಲ್ಲ. ಅಷ್ಟೇ ಹೊತ್ತಿನಲ್ಲಿ ಹೆಚ್ಚು ವಿಮಾನಗಳು ಇಳಿಯುತ್ತವೆ. ಅಮೆರಿಕದ ದಟ್ಟಣೆಯ ನಿಲ್ದಾಣಗಳು ಇದನ್ನು ನೆಚ್ಚಿಕೊಂಡದ್ದು ಈ ಅನುಕೂಲಕ್ಕಾಗಿ.

1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಮಂದಿ ಸತ್ತರು. ಎರಡೂ ಕಣ್ಣನ್ನೇ ನಂಬಿ ಹಾರುತ್ತಿದ್ದವು. 1958ರ ಕಾಯ್ದೆಯಿಂದ ಫೆಡರಲ್ ಏವಿಯೇಷನ್ ಏಜೆನ್ಸಿ ಹುಟ್ಟಿತು, ರೇಡಾರ್ ಹಬ್ಬಿತು. ಆದರೂ ನಿಲ್ದಾಣಗಳ ಬಳಿ ಹಳೆಯ ಪದ್ಧತಿ ಉಳಿಯಿತು.

ಅದರ ದೌರ್ಬಲ್ಯ ಸ್ಪಷ್ಟವಾಗಿ ಬಯಲಾದದ್ದು 1978ರ ಸೆಪ್ಟೆಂಬರ್ 25ರ ಬೆಳಿಗ್ಗೆ, ಸ್ಯಾನ್ ಡಿಯೇಗೊದಲ್ಲಿ. ಆಕಾಶ ತಿಳಿಯಾಗಿತ್ತು. ಇಳಿಯಲು ಬರುತ್ತಿದ್ದ ಪಿಎಸ್‌ಎ ಸಂಸ್ಥೆಯ 182ನೇ ಹಾರಾಟದ ಬೋಯಿಂಗ್ 727, ಮುಂದಿದ್ದ ಸೆಸ್ನಾ ವಿಮಾನ ಕಂಡಿತೆಂದು ಒಪ್ಪಿ ಹೊಣೆ ಹೊತ್ತಿತು. ಸ್ವಲ್ಪ ಹೊತ್ತಿಗೆ ಅದು ಕಣ್ಮರೆಯಾಯಿತು. ಬಲಕ್ಕೆ ದಾಟಿಹೋಗಿರಬೇಕೆಂದು ಪೈಲಟ್‌ಗಳು ಊಹಿಸಿದರು. ಕಾಣುತ್ತಿಲ್ಲ ಎಂದು ಕಂಟ್ರೋಲರ್‌ಗೆ ಬಾಯಿಬಿಟ್ಟು ಹೇಳಲಿಲ್ಲ. ಸೆಸ್ನಾ ಅವರ ಕೆಳಗೇ, ಊರಿನ ಬಣ್ಣಬಣ್ಣದ ಮನೆಗಳ ಹಿನ್ನೆಲೆಯಲ್ಲಿತ್ತು. ಡಿಕ್ಕಿಗೆ 19 ಸೆಕೆಂಡ್ ಮೊದಲು ರೇಡಾರ್ ಕೇಂದ್ರದಲ್ಲಿ ಎಚ್ಚರಿಕೆ ಮೊಳಗಿತು. ಪೈಲಟ್‌ಗೆ ವಿಮಾನ ಕಾಣುತ್ತಿದೆಯೆಂಬ ನಂಬಿಕೆಯಲ್ಲಿ ಯಾರೂ ಮುಂದಾಗಲಿಲ್ಲ. ನೆಲದ ಮೇಲಿದ್ದ 7 ಮಂದಿಯೂ ಸೇರಿ 144 ಜನ ಸತ್ತರು. ಪೈಲಟ್‌ಗಳು ಹೊಣೆ ಪಾಲಿಸಲಿಲ್ಲವೆಂದ ತನಿಖಾ ಮಂಡಳಿ, ರೇಡಾರ್ ಇದ್ದೂ ಕಣ್ಣಿಗೆ ಬಿಡುವ ವ್ಯವಸ್ಥೆಯನ್ನೂ ಕಾರಣಗಳಲ್ಲಿ ಸೇರಿಸಿತು. ಈ ಎರಡನೆಯ ಮಾತೇ ಹೆಚ್ಚು ತೂಕದ್ದು.

ಕಣ್ಣನ್ನು ನಂಬುವುದರಲ್ಲಿ ಇನ್ನೊಂದು ತೊಡಕೂ ಇದೆ. ನೇರ ಹಾರಾಟದಲ್ಲಿ ಡಿಕ್ಕಿಯ ದಾರಿಯಲ್ಲಿರುವ ವಿಮಾನ ಕಾಕ್‌ಪಿಟ್ ಗಾಜಿನ ಮೇಲೆ ಜರುಗುವುದೇ ಇಲ್ಲ. ಒಂದೇ ಕಡೆ ಚುಕ್ಕೆಯಂತಿದ್ದು ಕೊನೆಯ ಕ್ಷಣಗಳಲ್ಲಿ ದಿಢೀರನೆ ಹಿಗ್ಗುತ್ತದೆ. ಚಲನೆಯನ್ನು ಹಿಡಿಯುವ ಕಣ್ಣಿಗೆ ಇದು ಸುಲಭವಾಗಿ ಸಿಗದು.

1986ರಲ್ಲಿ ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 82 ಮಂದಿ ಸತ್ತ ಮೇಲೆ, ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣ ಕಡ್ಡಾಯವಾಯಿತು. ಆದರೆ ಸುಮಾರು 1,000 ಅಡಿಗಿಂತ ಕೆಳಗೆ ಅದು ಏರು, ಇಳಿ ಎಂದು ಆದೇಶಿಸುವುದಿಲ್ಲ.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣದ ಬಳಿ, ಆ ಎತ್ತರಕ್ಕಿಂತ ಕೆಳಗೇ, ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಇಳಿಯುತ್ತಿದ್ದ ಪ್ರಯಾಣಿಕ ಜೆಟ್‌ಗೆ ಬಡಿಯಿತು. 67 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನ ಕಾಣುತ್ತಿದೆ ಎಂದು ತಿಳಿಸಿ ವಿಷುಯಲ್ ಸೆಪರೇಷನ್ ಕೇಳಿ ಪಡೆದದ್ದು ಹೆಲಿಕಾಪ್ಟರ್ ಸಿಬ್ಬಂದಿಯೇ. ಬಳಿಕ ಆ ನಿಲ್ದಾಣದ 5 ಮೈಲಿ ವ್ಯಾಪ್ತಿಯೊಳಗೆ ಹೆಲಿಕಾಪ್ಟರ್ ಮತ್ತು ವಿಮಾನಗಳ ನಡುವೆ ಈ ಪದ್ಧತಿಯ ಬಳಕೆಯನ್ನು ನಿಲ್ಲಿಸಲಾಯಿತು.