ಏಕೀಕರಣದ ದಿನ: ಕಂಡವರ ನೆನಪು ಮತ್ತು ಚರಿತ್ರೆಯ ಬರವಣಿಗೆ

ಕರ್ನಾಟಕ ಏಕೀಕರಣದ ಚರಿತ್ರೆಯನ್ನು ಬಹುಮಟ್ಟಿಗೆ ಸಂಘಸಂಸ್ಥೆಗಳ ನಡಾವಳಿ, ಆಯೋಗಗಳ ವರದಿ, ಶಾಸನಸಭೆಯ ಚರ್ಚೆ ಹಾಗೂ ನಾಯಕರ ಆತ್ಮಕಥನಗಳನ್ನು ಆಧರಿಸಿ ಬರೆಯಲಾಗಿದೆ. 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಮೊದಲ್ಗೊಂಡು 1955ರ ಫಜಲ್ ಅಲಿ ಆಯೋಗದ ವರದಿಯವರೆಗಿನ ಹಾದಿ ಈ ಆಕರಗಳಿಂದ ಸ್ಪಷ್ಟವಾಗುತ್ತದೆ. ಆದರೆ 1956ರ ನವೆಂಬರ್ 1ನ್ನು ಕಣ್ಣಾರೆ ಕಂಡ ಜನಸಾಮಾನ್ಯರ ನೆನಪಿಗೆ ಅಲ್ಲಿ ದೊರೆತ ಸ್ಥಾನ ಕಿರಿದು. ಅಂದು ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಆ ನೆನಪನ್ನು ಆಕರವಾಗಿ ಹೇಗೆ ಸ್ವೀಕರಿಸಬೇಕೆಂಬುದು ಪ್ರಸ್ತುತ ಲೇಖನದ ವಿಷಯ.

ಅಂದು ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರು ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು. ಜಯಚಾಮರಾಜ ಒಡೆಯರ್ ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಮುಂಬಯಿ, ಹೈದರಾಬಾದ್, ಮದರಾಸು, ಮೈಸೂರು, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಬಹುಭಾಗ ಒಂದಾಯಿತು. ಈ ಘಟನೆಯ ಅರ್ಥ ಎಲ್ಲೆಡೆ ಏಕರೂಪವಾಗಿರಲಿಲ್ಲ. ನಿಜಾಮರ ಕಾಲದಲ್ಲಿ ಉರ್ದು ಆಡಳಿತಭಾಷೆಯಾಗಿದ್ದ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಗೆ ಅದು ಕಚೇರಿಯ ಭಾಷೆಯ ಪ್ರಶ್ನೆಯೂ ಆಗಿತ್ತು. ಬಳ್ಳಾರಿ ಜಿಲ್ಲೆಯು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಕಳೆದುಕೊಂಡು 1953ರ ಅಕ್ಟೋಬರ್ 1ರಂದೇ ಮೈಸೂರಿಗೆ ಸೇರಿತ್ತು. ಆ ಸಂದರ್ಭದಲ್ಲಿ ರಂಜಾನ್ ಸಾಬ್ ಅವರು ಪ್ರಾಣ ತೆತ್ತಿದ್ದರು.

ಧಾರವಾಡ ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ ವೃದ್ಧೆಯೊಬ್ಬರು ನಾಡು ಒಂದಾದ ದಿನವನ್ನು ತಾರೀಖಿನಿಂದ ಹೇಳದೆ, ನೀರು ತುಂಬುವ ಹಬ್ಬದ ಮರುದಿನವೆಂದು ಗುರುತಿಸಿದರು. ಎಣ್ಣೆಸ್ನಾನ ಮುಗಿಸಿ ತಂದೆಯ ಜೊತೆ ಚಾವಡಿಗೆ ಹೋದುದು, ಅಲ್ಲಿ ಬೆಲ್ಲ ಹಂಚಿದುದು ಅವರ ನೆನಪಿನಲ್ಲಿತ್ತು. ರಾಜ್ಯೋತ್ಸವವೂ ದೀಪಾವಳಿಯೂ ಹತ್ತಿರ ಬರುವುದರಿಂದ ಎರಡೂ ಬೆರೆತಿರಬೇಕೆಂದು ನಾನು ಭಾವಿಸಿದ್ದೆ. ತಿಥಿಯ ಲೆಕ್ಕ ನೋಡಿದಾಗ ತಪ್ಪು ನನ್ನದೆಂದು ತಿಳಿಯಿತು. 1956ರ ನವೆಂಬರ್ 1 ನರಕ ಚತುರ್ದಶಿ. ಮರುದಿನ ದೀಪಾವಳಿಯ ಅಮಾವಾಸ್ಯೆ.

ಅದೇ ವಕ್ತೃ, ನಾಡಿಗೆ ಕರ್ನಾಟಕವೆಂಬ ಹೆಸರು ಬಂದುದೂ ಅಂದೇ ಎಂದರು. ಇದು ದಾಖಲೆಗೆ ಹೊಂದುವುದಿಲ್ಲ. ಆ ಹೆಸರು ಅಧಿಕೃತವಾದದ್ದು ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, 1973ರ ನವೆಂಬರ್ 1ರಂದು. ಹದಿನೇಳು ವರ್ಷಗಳ ಅಂತರ ನೆನಪಿನಲ್ಲಿ ಅಳಿಸಿಹೋಗಿದೆ. ಆದರೆ ಧಾರವಾಡದ ಸಂಘವು ಆ ಹೆಸರನ್ನು 1890ರಲ್ಲೇ ಧರಿಸಿತ್ತೆಂಬುದನ್ನು ಗಮನಿಸಿದರೆ ಈ ತಪ್ಪಿಗೂ ಅರ್ಥವಿದೆ. ಸರ್ಕಾರ ಒಪ್ಪುವ ಮೊದಲೇ ಆ ಭಾಗದಲ್ಲಿ ಹೆಸರು ಬಳಕೆಯಲ್ಲಿತ್ತು. ಆದ್ದರಿಂದ ಮೌಖಿಕ ಹೇಳಿಕೆಯನ್ನು ಹಾಗೆಯೇ ನಂಬುವುದೂ ಸಲ್ಲದು, ತಾರೀಖು ತಪ್ಪಿತೆಂದು ತಳ್ಳಿಹಾಕುವುದೂ ಸಲ್ಲದು.

ಇದೇ ದಿನಕ್ಕೆ ಇನ್ನೊಂದು ಮುಖವಿದೆ. ಕಾಸರಗೋಡು ಅಂದು ಹೊಸ ಕೇರಳ ರಾಜ್ಯದ ಪಾಲಾಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು ಅದನ್ನು ಕನ್ನಡನಾಡಿಗೆ ಸೇರಿಸಲು ದೀರ್ಘಕಾಲ ಹೋರಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ಹೀಗಾಗಿ ಒಂದು ಕಡೆ ಕೂಡಿಕೆಯ ದಿನವಾದದ್ದು ಅಲ್ಲಿಯ ಕನ್ನಡಿಗರಿಗೆ ಅಗಲಿಕೆಯ ದಿನ.

ಮುಂದಿನ ಪೀಳಿಗೆಗೆ ನಾವು ಒಪ್ಪಿಸುವ ಚರಿತ್ರೆಯಲ್ಲಿ ಈ ಎರಡೂ ನೆನಪುಗಳಿರಬೇಕು. ಅದಕ್ಕಾಗಿ ಹಳೆಯ ಐದೂ ಆಡಳಿತಗಳ ಹಾಗೂ ಗಡಿಯಾಚೆಯ ಹಿರಿಯರ ಮಾತನ್ನು ಅವರವರ ನುಡಿಯಲ್ಲೇ ಧ್ವನಿಮುದ್ರಿಸಿ, ವಕ್ತೃವಿನ ಊರು, ವಯಸ್ಸು, ಕಸುಬುಗಳೊಡನೆ ಸಂಗ್ರಹಿಸಿಡುವ ಕಾರ್ಯ ಜಿಲ್ಲಾವಾರು ನಡೆಯಬೇಕಾಗಿದೆ. ಸರ್ಕಾರಿ ಕಡತಗಳು ಮುಂದೆಯೂ ದೊರೆಯಬಹುದು. ಆ ಮುಂಜಾನೆಯನ್ನು ಕಂಡವರು ಹೆಚ್ಚು ಕಾಲ ದೊರೆಯಲಾರರು.