ಒಟ್ಟು ಮಳೆಯ ಲೆಕ್ಕದಿಂದ ನೆಲದ ಹಸಿಯ ಕಡೆಗೆ

ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿ ಸುತ್ತಿನ ಎರೆಹೊಲಗಳಲ್ಲಿ ಮಿರಗದ ಮಳೆ ಹದವಾಗಿ ಸುರಿದರೆ ಹೆಸರು ಬಿತ್ತುತ್ತಾರೆ. ಅದನ್ನು ಒಕ್ಕಿ, ಹುಬ್ಬಿ, ಉತ್ತರಿ ಮಳೆಗಳ ಹಸಿ ನೋಡಿಕೊಂಡು ಹಿಂಗಾರಿಗೆ ಜೋಳ, ಕಡಲೆ, ಕುಸುಬೆ. ಗದಗ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸು. ಬರ ಬಂತೋ ಇಲ್ಲವೋ ಎಂಬುದನ್ನು ಬಹುಕಾಲ ಇಂಥ ಒಟ್ಟು ಅಂಕಿಯಿಂದಲೇ ಅಳೆದರು. ಎಪ್ಪತ್ತು ದಿನಕ್ಕೆ ಕೈಗೆ ಬರುವ ಹೆಸರಿಗೆ ಆ ಅಂಕಿ ಏನನ್ನೂ ಹೇಳದು. ಹೂ ಕಟ್ಟುವಾಗ ಮೂರು ವಾರ ಮಳೆ ಕೈಕೊಟ್ಟರೆ ಕಾಯಿ ಜೊಳ್ಳು. ಕೊಯ್ಲಿನ ಹೊತ್ತಿಗೆ ಜಡಿಮಳೆ ಹಿಡಿದರೆ ಕಾಯೊಳಗೇ ಮೊಳಕೆ. ಎರಡೂ ಒಂದೇ ವರ್ಷ ಆದಾಗ ವರ್ಷದ ಸರಾಸರಿ ಮಾತ್ರ ಸರಿಯಾಗಿಯೇ ಕಾಣುತ್ತದೆ.

1876-78ರ ಧಾತು-ಈಶ್ವರ ಬರದ ನಂತರ 1880ರ ಕ್ಷಾಮ ಆಯೋಗ ಕೇಳಿದ್ದು ಹಸಿದವರಿಗೆ ಕೂಲಿ, ಕಾಳು ಹೇಗೆ ಒದಗಿಸುವುದು ಎಂದು. ಹೊಲದ ಹಸಿಯ ಪ್ರಶ್ನೆಗೆ ಮತ್ತೆ ಅರ್ಧ ಶತಮಾನ ಹಿಡಿಯಿತು. 1928ರ ರಾಯಲ್ ಕೃಷಿ ಆಯೋಗದ ವರದಿಯ ಬೆನ್ನಿಗೆ, 1933-34ರ ಸುಮಾರಿಗೆ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಒಡ್ಡು ಹಾಕುವುದು, ಸಾಲು ಅಗಲ ಮಾಡುವುದು, ಬೀಜ ಕಡಿಮೆ ಬಿಡುವುದು, ಪದೇ ಪದೇ ಎಡೆ ಹೊಡೆಯುವುದು ಆಗಿನ ಸಲಹೆಗಳು. 1954ರಲ್ಲಿ ಬಳ್ಳಾರಿಯ ಮಣ್ಣು ಸಂರಕ್ಷಣಾ ಕೇಂದ್ರ, 1970ರಲ್ಲಿ ಅಖಿಲ ಭಾರತ ಒಣಬೇಸಾಯ ಯೋಜನೆ ಬಂದವು.

ಒಣಬೇಸಾಯದ ಪದ್ಧತಿಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಚೌಕುಮಡಿ. ಹೊಲವನ್ನು ಮೂರು-ನಾಲ್ಕು ಮೀಟರಿನ ಚೌಕಗಳಾಗಿ ಮಾಡಿ ಸುತ್ತ ಗೇಣೆತ್ತರದ ಬದು ಎಳೆಯುತ್ತಾರೆ. ಬಿದ್ದ ಮಳೆ ಹಳ್ಳಕ್ಕೆ ಓಡದೆ ಮಡಿಯಲ್ಲೇ ನಿಂತು ಇಂಗುತ್ತದೆ. ಆ ಹಸಿಯಲ್ಲಿ ಹಿಂಗಾರಿ ಜೋಳ ನಿಲ್ಲುತ್ತದೆ. ಆದರೆ ಇದು ಮುಂಗಾರಿಗೆ ಹೊಲ ಬೀಳುಬಿಟ್ಟವರಿಗೆ ಒಗ್ಗುವ ಪದ್ಧತಿ. ಹೆಸರಿನ ರೊಕ್ಕದಿಂದಲೇ ಹಿಂಗಾರಿಯ ಬೀಜ, ಗೊಬ್ಬರ ತರಬೇಕಾದ ಸಣ್ಣ ರೈತ ಮುಂಗಾರು ಬಿಟ್ಟುಕೊಡಲಾರ. ಸಂಶೋಧನೆ ಈ ರೈತನನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ.

ಮಳೆ ಅಳೆಯುವ ಕೆಲಸವಂತೂ ತುಂಬ ಮುಂದೆ ಹೋಗಿದೆ. 1988ರಲ್ಲಿ ಕರ್ನಾಟಕ ಬರ ಉಸ್ತುವಾರಿ ಘಟಕ ಆರಂಭಿಸಿತು; ಅದೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಈಗ ಮಳೆಮಾಪಕಗಳು ಗ್ರಾಮ ಪಂಚಾಯತಿ ಮಟ್ಟದಲ್ಲಿವೆ. 2006ರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು ಮಧ್ಯ ಭಾರತದ ಐವತ್ತು ವರ್ಷಗಳ ದಾಖಲೆ ನೋಡಿ, ಭಾರೀ ಮಳೆ ಹೆಚ್ಚಿದೆ, ಸಾಧಾರಣ ಮಳೆ ತಗ್ಗಿದೆ, ಒಟ್ಟು ಮೊತ್ತ ಅಷ್ಟಾಗಿ ಬದಲಾಗಿಲ್ಲ ಎಂದು ತೋರಿಸಿದರು. ಎರೆಭೂಮಿಗೆ ಇದರ ಅರ್ಥ ಕಠಿಣ: ಜಿನುಗುವ ಮಳೆ ಇಂಗುತ್ತದೆ, ಒಮ್ಮೆಲೇ ಹೊಯ್ದ ಮಳೆ ಮೇಲ್ಮಣ್ಣನ್ನೂ ಹೊತ್ತು ಹೋಗುತ್ತದೆ. 2016ರ ಬರ ನಿರ್ವಹಣಾ ಕೈಪಿಡಿ ವಾಡಿಕೆಯ ಅರ್ಧದಷ್ಟೂ ಮಳೆಯಾಗದ ಸತತ ಮೂರು-ನಾಲ್ಕು ವಾರಗಳನ್ನು ಲೆಕ್ಕಕ್ಕೆ ತಂದದ್ದು ಒಳ್ಳೆಯದೇ. ಅಂಥ ಒಣ ವಾರಗಳ ಹೊಡೆತ 2023ರಲ್ಲಿ ಕಂಡಿತು: ಆಗಿನ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು.

ಆದರೆ ಬೆಳೆವಿಮೆ ಇನ್ನೂ ಬಹುಮಟ್ಟಿಗೆ ಇಡೀ ಪಂಚಾಯತಿಯ ಇಲ್ಲವೇ ಹೋಬಳಿಯ ಸರಾಸರಿ ಇಳುವರಿಗೆ ಅಂಟಿಕೊಂಡಿದೆ. ಊರಿನ ಮಳೆಮಾಪಕ ದಿನದಿನದ ಲೆಕ್ಕ ಕೊಡುತ್ತಿರುವಾಗ, ಹೂ ಕಟ್ಟುವ ವಾರ ಮಳೆ ತಪ್ಪಿದ್ದಕ್ಕೂ ಕೊಯ್ಲಿನ ವಾರ ಜಡಿ ಹಿಡಿದದ್ದಕ್ಕೂ ಹಿಂಗಾರಿ ಬಿತ್ತಿಗೆಗೆ ಮೊದಲೇ ಪರಿಹಾರ ಸಿಗಬೇಕು. ಬೀಜಕ್ಕೆ ರೊಕ್ಕ ಬೇಕಾಗುವುದು ಆಗಲೇ.