ಬಂಡೀಪುರದ ಹೆದ್ದಾರಿಗಳಲ್ಲಿ ವನ್ಯಜೀವಿ ಅಪಘಾತಗಳು

ಕರ್ನಾಟಕದ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಸೀಳಿಕೊಂಡು ಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ವಾಹನಗಳ ಡಿಕ್ಕಿಗೆ ಸಿಲುಕಿ ಕಾಡುಪ್ರಾಣಿಗಳು ಸಾಯುವುದು ದೀರ್ಘಕಾಲದಿಂದಲೂ ನಡೆದುಬಂದಿರುವ ಸಮಸ್ಯೆಯಾಗಿದೆ. ಇದನ್ನು ತಡೆಯುವ ಉದ್ದೇಶದಿಂದ 2009ರಲ್ಲಿ ಈ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. ಈ ನಿಷೇಧವು ಕರ್ನಾಟಕ ಮತ್ತು ಕೇರಳ ರಾಜ್ಯಗಳ ನಡುವಿನ ವಿವಾದವಾಗಿ ಬೆಳೆದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕಾಡಿನೊಳಗಿನ ರಸ್ತೆಗಳ ಕುರಿತು ಭಾರತದಲ್ಲಿ ನಡೆದಿರುವ ಚರ್ಚೆಗಳಲ್ಲಿ ಬಂಡೀಪುರದ ಉದಾಹರಣೆಯೇ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ.

ಪ್ರದೇಶ ಮತ್ತು ರಸ್ತೆಗಳು

ಮೈಸೂರು ಅರಸರು 1931ರಲ್ಲಿ ಇಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ಸ್ಥಾಪಿಸಿದರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದರಡಿ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ವಾಯವ್ಯದಲ್ಲಿ ನಾಗರಹೊಳೆ, ದಕ್ಷಿಣದಲ್ಲಿ ತಮಿಳುನಾಡಿನ ಮುದುಮಲೆ, ನೈಋತ್ಯದಲ್ಲಿ ಕೇರಳದ ವಯನಾಡು ಅಭಯಾರಣ್ಯಗಳು ಇದಕ್ಕೆ ಹೊಂದಿಕೊಂಡಿವೆ. ಈ ನಾಲ್ಕೂ ಸೇರಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಹೃದಯಭಾಗವಾಗಿವೆ. ಆನೆ, ಹುಲಿಗಳಿಗೆ ರಾಜ್ಯಗಳ ಗಡಿಯೆಂಬುದಿಲ್ಲ. ಬೇಸಿಗೆಯಲ್ಲಿ ನೀರನ್ನರಸಿ ಕಬಿನಿ ಹಿನ್ನೀರಿನತ್ತ ಇಳಿಯುವ ಆನೆಗಳು ಮಳೆ ಬಿದ್ದೊಡನೆ ಹಿಂದಿರುಗಿ ಕಾಡಿನಾದ್ಯಂತ ಚದುರುತ್ತವೆ.

ಎರಡೂ ರಸ್ತೆಗಳು ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತವೆ. ಒಂದು ಮದ್ದೂರು ತಪಾಸಣಾ ಠಾಣೆಯ ಮೂಲಕ ಕಾಡನ್ನು ಹೊಕ್ಕು, ಮೂಲೆಹೊಳೆಯಲ್ಲಿ ಕೇರಳದ ಗಡಿ ದಾಟಿ, ಮುತ್ತಂಗ, ಸುಲ್ತಾನ್ ಬತ್ತೇರಿಗಳ ಮಾರ್ಗವಾಗಿ ಕೋಝಿಕ್ಕೋಡಿಗೆ ಹೋಗುತ್ತದೆ. ಇದು ಹಿಂದೆ ರಾಷ್ಟ್ರೀಯ ಹೆದ್ದಾರಿ 212 ಆಗಿದ್ದು ಈಗ 766 ಎಂಬ ಸಂಖ್ಯೆ ಪಡೆದಿದೆ. (ಇಲ್ಲಿ ಹೇಳಿದ ಮದ್ದೂರು ಗುಂಡ್ಲುಪೇಟೆ ತಾಲ್ಲೂಕಿನದು, ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರಲ್ಲ.) ಇನ್ನೊಂದು ಮೇಲುಕಾಮನಹಳ್ಳಿಯ ಬಳಿ ಕಾಡನ್ನು ಪ್ರವೇಶಿಸಿ, ಕೆಕ್ಕನಹಳ್ಳದಲ್ಲಿ ತಮಿಳುನಾಡಿನ ಗಡಿ ದಾಟಿ, ತೆಪ್ಪಕಾಡಿನ ಮೂಲಕ ಊಟಿಯನ್ನು ತಲುಪುತ್ತದೆ. ಹಳೆಯ ಸಂಖ್ಯೆ 67, ಹೊಸತು 181. ಬಂಡೀಪುರದ ಮಿತಿಯೊಳಗೆ ಇವೆರಡರ ಒಟ್ಟು ಉದ್ದ ಸುಮಾರು 30 ಕಿ.ಮೀ. ವಿವಾದವೆಲ್ಲ ಇಷ್ಟು ಕಿರಿದಾದ ರಸ್ತೆಯ ಬಗೆಗಿನದು.

ಅಪಘಾತ ಸಂಭವಿಸುವ ಬಗೆ

ಜಿಂಕೆ, ಕಡವೆ, ಕಾಡುಹಂದಿ, ಮುಸುವ, ಮೊಲ, ಮುಳ್ಳುಹಂದಿ, ಹಾವು ಮುಂತಾದವು ಈ ರಸ್ತೆಗಳಲ್ಲಿ ಡಿಕ್ಕಿಗೆ ಸಿಲುಕುವ ಪ್ರಾಣಿಗಳು. ಚಿರತೆ, ಆನೆಗಳೂ ಇದರಿಂದ ಹೊರತಾಗಿಲ್ಲ. ದೊಡ್ಡ ಪ್ರಾಣಿ ಸತ್ತರೆ ಸುದ್ದಿಯಾಗುತ್ತದೆ. ಕಪ್ಪೆ, ಹಾವು, ಸಣ್ಣ ಹಕ್ಕಿಗಳ ಕಳೇಬರಗಳನ್ನು ಬೆಳಗಾಗುವಷ್ಟರಲ್ಲಿ ಕಾಗೆ, ಮುಂಗುಸಿಗಳು ಎತ್ತಿಕೊಂಡು ಹೋಗಿರುತ್ತವೆ. ಇಲ್ಲವೇ ಅವು ಚಕ್ರಗಳಡಿ ಗುರುತು ಸಿಗದಷ್ಟು ಅರೆದುಹೋಗಿರುತ್ತವೆ. ಆದ್ದರಿಂದ ರಸ್ತೆಯ ಮೇಲೆ ಎಣಿಸಿದ ಸಾವುಗಳ ಸಂಖ್ಯೆ ನಿಜವಾದ ಸಾವುಗಳಿಗಿಂತ ಯಾವಾಗಲೂ ಕಡಿಮೆಯೆಂದೇ ತಿಳಿಯಬೇಕು. ಪೆಟ್ಟು ತಿಂದು ಪೊದೆಯೊಳಗೆ ಸರಿದು ಅಲ್ಲಿ ಸಾಯುವ ಪ್ರಾಣಿಗಳಂತೂ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಪ್ರಾಣಿಗಳು ರಸ್ತೆಗೆ ಬರುವುದಕ್ಕೆ ಕೇವಲ ದಾಟುವ ಅಗತ್ಯವೊಂದೇ ಕಾರಣವಲ್ಲ. ರಸ್ತೆಯ ಅಂಚಿನ ಗಿಡಗಂಟಿಗಳನ್ನು ಕಡಿದಾಗ ಅಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಜಿಂಕೆಗಳು ಅದನ್ನು ಮೇಯಲು ಬರುತ್ತವೆ. ಕಡಿಯದೆ ಬಿಟ್ಟರೆ ಲಂಟಾನ ಬೆಳೆದು ಗೋಡೆಯಂತೆ ನಿಂತು, ಪ್ರಾಣಿ ರಸ್ತೆಗೆ ಕಾಲಿಟ್ಟ ಮೇಲಷ್ಟೇ ಚಾಲಕನಿಗೆ ಕಾಣುವಂತಾಗುತ್ತದೆ. ಪ್ರವಾಸಿಗರು ವಾಹನ ನಿಲ್ಲಿಸಿ ಕೋತಿ, ಮುಸುವಗಳಿಗೆ ತಿಂಡಿ ಎಸೆಯುವುದರಿಂದ ಅವು ರಸ್ತೆಬದಿಯನ್ನೇ ಮನೆಯಾಗಿಸಿಕೊಳ್ಳುತ್ತವೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವ ಆನೆಗಳು ಈಗ ಪ್ರಸಿದ್ಧವೇ ಆಗಿವೆ. ಇದನ್ನು ತಮಾಷೆಯೆಂದು ಕಾಣುವುದು ಸರಿಯಲ್ಲ, ಏಕೆಂದರೆ ರಸ್ತೆಯಲ್ಲಿ ಆಹಾರ ಸಿಗುತ್ತದೆಂದು ಕಲಿತ ಆನೆ ತನ್ನ ಮರಿಗೂ ಅದನ್ನೇ ಕಲಿಸುತ್ತದೆ.

ಸಸ್ತನಿಗಳಲ್ಲಿ ಬಹುಪಾಲು ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ಮತ್ತು ನಸುಕಿನಲ್ಲಿ ಹೆಚ್ಚು ಚಟುವಟಿಕೆಯಿಂದಿರುತ್ತವೆ. ಕತ್ತಲಿನಲ್ಲಿ ಕಾಣಲು ಅನುಕೂಲವಾಗುವಂತೆ ಅವುಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ಪ್ರತಿಫಲಿಸುವ ಒಂದು ಪದರವಿರುತ್ತದೆ. ವಾಹನದ ದೀಪದಲ್ಲಿ ಅವುಗಳ ಕಣ್ಣು ಕೆಂಡದಂತೆ ಹೊಳೆಯುವುದು ಇದರಿಂದಲೇ. ಮಂದ ಬೆಳಕಿಗೆ ಒಗ್ಗಿದ ಈ ಕಣ್ಣುಗಳು ಪ್ರಖರ ದೀಪದೆದುರು ಕುರುಡಾಗುತ್ತವೆ. ಓಡಿಹೋಗಬಹುದಾಗಿದ್ದ ಜಿಂಕೆ ರಸ್ತೆಯ ನಡುವೆ ಕಲ್ಲಿನಂತೆ ನಿಂತುಬಿಡುವುದನ್ನು ಆ ದಾರಿಯ ಚಾಲಕರೆಲ್ಲರೂ ಕಂಡಿರುತ್ತಾರೆ. ಮುಸುವದ ಕಣ್ಣಿಗೆ ಈ ಪದರವಿಲ್ಲ. ಅದು ಹಗಲಿನ ಪ್ರಾಣಿ, ಸಾಯುವುದೂ ಹಗಲಿನಲ್ಲೇ.

ಇನ್ನು ಚಾಲಕನ ಮಿತಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿನಲ್ಲಿ 22 ಮೀಟರ್ ಕ್ರಮಿಸುತ್ತದೆ. ಕಣ್ಣು ಕಂಡುದನ್ನು ಮಿದುಳು ಗ್ರಹಿಸಿ ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆಯುತ್ತದೆಂದು ಇಟ್ಟುಕೊಂಡರೆ ಕಾರು ಆಗಲೇ 33 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು 68 ಮೀಟರ್. ತಗ್ಗಿಸಿದ ದೀಪದಲ್ಲಿ ಸ್ಪಷ್ಟವಾಗಿ ಕಾಣುವ ದೂರ ಇದಕ್ಕಿಂತ ಸಾಕಷ್ಟು ಕಡಿಮೆ. ಎಂದರೆ, ಎಷ್ಟೇ ನಿಪುಣನಾದ ಚಾಲಕನೂ ಆ ವೇಗದಲ್ಲಿ ತನಗೆ ಕಂಡ ಪ್ರಾಣಿಯನ್ನು ಉಳಿಸಲಾರ. ಅದೇ ಲೆಕ್ಕವನ್ನು ಗಂಟೆಗೆ 40 ಕಿ.ಮೀ. ವೇಗಕ್ಕೆ ಅನ್ವಯಿಸಿದರೆ ಒಟ್ಟು ದೂರ 26 ಮೀಟರಿಗೆ ಇಳಿಯುತ್ತದೆ. ವೇಗ ಅರ್ಧವಾದಾಗ ಬ್ರೇಕಿನ ದೂರ ನಾಲ್ಕರಲ್ಲಿ ಒಂದು ಭಾಗವಾಗುವುದು ಪ್ರೌಢಶಾಲೆಯ ಭೌತಶಾಸ್ತ್ರದ ಪಾಠವೇ ಆಗಿದೆ. ಮಳೆಯಲ್ಲಿ ಮತ್ತು ಭಾರ ಹೇರಿದ ಲಾರಿಗಳ ವಿಷಯದಲ್ಲಿ ಈ ದೂರಗಳು ಇನ್ನೂ ಹೆಚ್ಚುತ್ತವೆ.

ಕಾಟಿ, ಕಡವೆಗಳಂತಹ ಎತ್ತರದ ಪ್ರಾಣಿಗಳಿಗೆ ಕಾರು ಬಡಿದಾಗ ಕಾಲುಗಳು ಮುರಿದು, ದೇಹವು ಮುಂಗಾಜಿನ ಮೇಲೆಯೇ ಉರುಳಬಹುದು. ವಾಹನದೊಳಗಿನವರ ಜೀವಕ್ಕೂ ಇದರಿಂದ ಅಪಾಯ. ಪೂರ್ಣವಾಗಿ ಬೆಳೆದ ಗಂಡು ಕಾಟಿಯ ತೂಕ ಸಣ್ಣ ಕಾರಿನ ತೂಕಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಬೈಕ್ ಸವಾರರಿಗೆ ಕಾಡುಹಂದಿಯೊಂದೇ ಸಾಕು.

ರಾತ್ರಿ ಸಂಚಾರ ನಿಷೇಧ

ನಾಗರಹೊಳೆಯ ಮೂಲಕ ಹೋಗುವ ಮೈಸೂರು–ಮಾನಂದವಾಡಿ ರಸ್ತೆಯನ್ನು 2008ರಿಂದಲೇ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಲಾಗುತ್ತಿತ್ತು. ಬಂಡೀಪುರದಲ್ಲಿ 2009ರ ಜೂನ್ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಮೋಟಾರು ವಾಹನ ಕಾಯ್ದೆಯಡಿ ರಾತ್ರಿ ಸಂಚಾರವನ್ನು ನಿಷೇಧಿಸಿ ಆದೇಶ ಹೊರಡಿಸಿದರು. ಒತ್ತಡಗಳು ಬಂದು ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. ಇದನ್ನು ಪ್ರಶ್ನಿಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಗಿ, ಕರ್ನಾಟಕ ಉಚ್ಚ ನ್ಯಾಯಾಲಯವು ಜುಲೈ ತಿಂಗಳಲ್ಲಿ ಮಧ್ಯಂತರ ಆದೇಶದ ಮೂಲಕ ನಿಷೇಧವನ್ನು ಮರಳಿ ಜಾರಿಗೆ ತಂದಿತು. 2010ರ ಮಾರ್ಚ್‌ನಲ್ಲಿ ಅಂತಿಮ ತೀರ್ಪು ನಿಷೇಧವನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮುಂತಾದ ತುರ್ತು ವಾಹನಗಳಿಗೂ ಸರ್ಕಾರಿ ಸಾರಿಗೆಯ ಕೆಲವೇ ಬಸ್ಸುಗಳಿಗೂ ವಿನಾಯಿತಿ ಇದೆ. ಕೇರಳ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು.

ಕೇರಳದ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ವಯನಾಡು ಜಿಲ್ಲೆಗೆ ರೈಲುಮಾರ್ಗವಿಲ್ಲ. ಅಲ್ಲಿನ ಜನರಿಗೆ ಬೆಂಗಳೂರು, ಮೈಸೂರುಗಳೊಡನೆ ಉದ್ಯೋಗ, ವಿದ್ಯಾಭ್ಯಾಸ, ಚಿಕಿತ್ಸೆ, ವ್ಯಾಪಾರಗಳ ನಂಟಿದೆ. ದೂರದ ಪ್ರಯಾಣಕ್ಕೆ ರಾತ್ರಿಯ ಬಸ್ಸನ್ನೇ ನೆಚ್ಚಿಕೊಳ್ಳುವುದು ದಕ್ಷಿಣ ಭಾರತದವರೆಲ್ಲರ ರೂಢಿ. ಗುಂಡ್ಲುಪೇಟೆ ಸೀಮೆಯ ರೈತರು ಬೆಳೆದ ತರಕಾರಿ ಮತ್ತು ಓಣಂ ಹಬ್ಬದ ಹೊತ್ತಿನ ಚೆಂಡುಹೂವು ಇದೇ ದಾರಿಯಲ್ಲಿ ಕೇರಳದ ಮಾರುಕಟ್ಟೆ ಸೇರುತ್ತವೆ. ಹಾಗಾಗಿ ನಿಷೇಧದ ಬಿಸಿ ಗಡಿಯ ಒಂದೇ ಬದಿಗೆ ತಟ್ಟಿದ್ದಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಗಳ ಮೂಲಕ ಹೋಗುವ ಪರ್ಯಾಯ ರಸ್ತೆಯನ್ನು ಕರ್ನಾಟಕ ಅಭಿವೃದ್ಧಿಪಡಿಸಿತು. ಅದು 30ರಿಂದ 40 ಕಿ.ಮೀ.ಗಳಷ್ಟು ಸುತ್ತು.

2018ರಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯವು ಕಾಡಿನೊಳಗೆ ತಲಾ ಒಂದು ಕಿ.ಮೀ. ಉದ್ದದ ಮೇಲ್ಸೇತುವೆಗಳನ್ನು ನಿರ್ಮಿಸಿ, ಅವುಗಳ ಕೆಳಗೆ ಪ್ರಾಣಿಗಳು ದಾಟುವಂತೆ ಮಾಡಿ, ನಿಷೇಧವನ್ನು ತೆರವುಗೊಳಿಸುವ ಪ್ರಸ್ತಾವ ಮುಂದಿಟ್ಟಿತು. ನಿರ್ಮಾಣ ಕಾರ್ಯವೇ ವರ್ಷಗಟ್ಟಲೆ ಕಾಡನ್ನು ಕದಡುತ್ತದೆ ಎಂದು ಸಂರಕ್ಷಣಾವಾದಿಗಳು ವಿರೋಧಿಸಿದರು, ಕರ್ನಾಟಕವೂ ಒಪ್ಪಲಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರ್ಯಾಯ ರಸ್ತೆಯನ್ನೇ ಹೆದ್ದಾರಿಯನ್ನಾಗಿಸಿ ಈಗಿನದನ್ನು ಮುಚ್ಚುವ ಸಾಧ್ಯತೆಯನ್ನು ಪರಿಶೀಲಿಸಲು ಸೂಚಿಸಿದಾಗ, ಹಗಲಿನ ಸಂಚಾರವೂ ನಿಲ್ಲುವುದೆಂಬ ಆತಂಕ ವಯನಾಡಿನಲ್ಲಿ ಹಬ್ಬಿತು. ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹಗಳು ನಡೆದವು. ಆಗ ವಯನಾಡಿನ ಸಂಸದರಾಗಿದ್ದ ರಾಹುಲ್ ಗಾಂಧಿಯವರು ಅಕ್ಟೋಬರ್‌ನಲ್ಲಿ ಅಲ್ಲಿಗೆ ಭೇಟಿ ನೀಡಿ ಬೆಂಬಲ ಸೂಚಿಸಿದರು. ನಿಷೇಧ ತೆರವುಗೊಳಿಸಬೇಕೆಂಬ ಬೇಡಿಕೆ ಆ ಬಳಿಕವೂ ಆಗಾಗ ತಲೆಯೆತ್ತುತ್ತ ಬಂದಿದೆ.

ನಿಷೇಧದ ಅವಧಿಯ ಕುರಿತು

ವಾದವಿವಾದಗಳೆಲ್ಲವೂ ನಿಷೇಧ ಇರಬೇಕೇ ಬೇಡವೇ ಎಂಬುದರ ಸುತ್ತಲೇ ನಡೆದಿದ್ದರಿಂದ ಅದರ ಗಂಟೆಗಳ ಬಗ್ಗೆ ಸಾಕಷ್ಟು ಗಮನ ಹರಿದಿಲ್ಲ. ಈ ಪ್ರದೇಶದಲ್ಲಿ ವರ್ಷದ ಬಹುಭಾಗ ಸೂರ್ಯಾಸ್ತವು ಸಂಜೆ 6ರಿಂದ 7ರ ನಡುವೆ ಆಗುತ್ತದೆ. ಅಲ್ಲಿಂದ 9ರವರೆಗಿನ ಎರಡು ಮೂರು ಗಂಟೆಗಳು ಪ್ರಾಣಿಗಳ ಓಡಾಟ ಬಿರುಸಾಗುವ ಹೊತ್ತು; ಆಗ ರಸ್ತೆ ತೆರೆದೇ ಇರುತ್ತದೆ. ಗೇಟು ಮುಚ್ಚುವ ಮುನ್ನ ಕಾಡು ದಾಟಬೇಕೆಂಬ ಧಾವಂತವೂ ಅದೇ ಹೊತ್ತಿನದು. ಜನವರಿಯಲ್ಲಿ ಬೆಳಿಗ್ಗೆ 6ಕ್ಕೆ ಗೇಟು ತೆರೆದಾಗ ಸೂರ್ಯೋದಯಕ್ಕೆ ಇನ್ನೂ ಮುಕ್ಕಾಲು ಗಂಟೆಯಷ್ಟು ಸಮಯವಿರುತ್ತದೆ; ರಾತ್ರಿಯೆಲ್ಲ ಕಾದು ನಿಂತ ಲಾರಿಗಳು ಆ ನಸುಗತ್ತಲಲ್ಲೇ ಸಾಲುಗಟ್ಟಿ ಹೊರಡುತ್ತವೆ. ನಾಗರಹೊಳೆಯ ಸಂಜೆ 6ರ ನಿಯಮ ಪ್ರಾಣಿಗಳ ದಿನಚರಿಗೆ ಹೆಚ್ಚು ಹೊಂದುತ್ತದೆ. ಬಂಡೀಪುರದ 9 ಗಂಟೆಯ ನಿಯಮವು ಜನರ ಅನುಕೂಲಕ್ಕೂ ಕಾಡಿನ ಅಗತ್ಯಕ್ಕೂ ನಡುವೆ ಮಾಡಿಕೊಂಡ ರಾಜಿ ಎಂದು ತಿಳಿಯುವುದು ಯುಕ್ತ. ಆದುದರಿಂದಲೇ ತೆರೆದ ಗಂಟೆಗಳಲ್ಲಿ ರಸ್ತೆಯುಬ್ಬುಗಳಿಗೆ ಮತ್ತು ಅರಣ್ಯ ಸಿಬ್ಬಂದಿಯ ಗಸ್ತಿಗೆ ಮಹತ್ತ್ವವಿದೆ.

ಇತರ ಕಡೆಗಳ ಕ್ರಮಗಳು

ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಬನ್ನಾರಿ–ಕಾರಪಳ್ಳಂ ರಸ್ತೆಯಲ್ಲಿ ರಾತ್ರಿ ಸಂಚಾರವನ್ನು ನಿರ್ಬಂಧಿಸಲಾಗಿದೆ. ಅಸ್ಸಾಮಿನ ಕಾಜಿರಂಗದಲ್ಲಿ ಬ್ರಹ್ಮಪುತ್ರದ ನೆರೆ ಬಂದಾಗ ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳಿಗೆ ಏರುತ್ತವೆ. ಆಗ ವಾಹನಗಳಿಗೆ ಸಮಯ ನಮೂದಿಸಿದ ಚೀಟಿ ಕೊಟ್ಟು, ಅವು ಮಿತಿಮೀರಿದ ವೇಗದಲ್ಲಿ ಬಂದವೇ ಎಂದು ಇನ್ನೊಂದು ತುದಿಯಲ್ಲಿ ಪರೀಕ್ಷಿಸುತ್ತಾರೆ. ತಮಿಳುನಾಡಿನ ವಾಲ್ಪಾರೆಯಲ್ಲಿ ಸಿಂಗಳೀಕಗಳು ನೆಲಕ್ಕಿಳಿಯದೆ ದಾಟಲೆಂದು ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಲಾಗಿದೆ.

ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶಗಳ ಗಡಿಯ ಪೆಂಚ್ ಕಾಡಿನಲ್ಲಿ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಗೊಳಿಸುವಾಗ ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳಿಗಾಗಿ ಒಂಬತ್ತು ಕೆಳದಾರಿಗಳನ್ನು ನಿರ್ಮಿಸಲಾಯಿತು. ಅತಿ ಉದ್ದದ್ದು 750 ಮೀಟರ್. ಹುಲಿಗಳೂ ಇವುಗಳ ಮೂಲಕ ದಾಟುತ್ತಿರುವುದು ಭಾರತೀಯ ವನ್ಯಜೀವಿ ಸಂಸ್ಥೆಯ ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿಯ ಎರಡೂ ಬದಿಗೆ ಬೇಲಿ ಹಾಕಿ, 6 ಮೇಲ್ದಾರಿಗಳನ್ನೂ 38 ಕೆಳದಾರಿಗಳನ್ನೂ ಒದಗಿಸಿದ ಮೇಲೆ ಡಿಕ್ಕಿಗಳು ಶೇಕಡ 80ಕ್ಕೂ ಹೆಚ್ಚು ಇಳಿದವು. ಬೇಲಿಯಿಲ್ಲದೆ ಸೇತುವೆಯೊಂದನ್ನೇ ಕಟ್ಟಿದರೆ ಇಂತಹ ಫಲ ದೊರೆಯುವುದು ಕಷ್ಟ. ಆನೆಗಳು ದಟ್ಟವಾಗಿರುವ, ಎಲ್ಲೆಂದರಲ್ಲಿ ರಸ್ತೆ ದಾಟುವ ಬಂಡೀಪುರದಲ್ಲಿ ಬೇಲಿ ಹಾಕುವುದು ಸುಲಭಸಾಧ್ಯವಲ್ಲ.

ಕಾನೂನು ಮತ್ತು ಚಾಲಕರ ಕರ್ತವ್ಯ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಬಿದ್ದಿರುವ ಅಥವಾ ತಪ್ಪಿನಿಂದ ಕೊಲ್ಲಲ್ಪಟ್ಟ ಸಂರಕ್ಷಿತ ಪ್ರಾಣಿಯು ಸರ್ಕಾರದ ಸ್ವತ್ತು. ರಸ್ತೆಯಲ್ಲಿ ಸತ್ತ ಜಿಂಕೆಯನ್ನೋ ಹಂದಿಯನ್ನೋ ಮಾಂಸಕ್ಕಾಗಿ ಒಯ್ಯುವುದು, ಕೊಂಬು, ಉಗುರುಗಳನ್ನು ಇಟ್ಟುಕೊಳ್ಳುವುದು ಅಪರಾಧ. ಡಿಕ್ಕಿಯಾದಲ್ಲಿ ಸಮೀಪದ ಅರಣ್ಯ ತಪಾಸಣಾ ಠಾಣೆಗೆ ತಿಳಿಸಬೇಕು. ಮನುಷ್ಯರಿಗೆ ಗಾಯವಾಗಿದ್ದರೆ 112ಕ್ಕೆ ಕರೆಮಾಡಬೇಕು. ಗಾಯಗೊಂಡ ಪ್ರಾಣಿ ಭಯದಿಂದ ತಿರುಗಿ ಬೀಳಬಹುದಾದ್ದರಿಂದ ಅದರ ಬಳಿಗೆ ಹೋಗಬಾರದು. ವಾಹನಕ್ಕಾದ ಹಾನಿಗೆ ಮೂರನೆಯವರ ಹೊಣೆಯ ವಿಮೆಯೊಂದರಿಂದ ಪರಿಹಾರ ಸಿಗುವುದಿಲ್ಲ, ಸಮಗ್ರ ವಿಮೆ ಇರಬೇಕಾಗುತ್ತದೆ.

ಒಂದು ಜಿಂಕೆ ದಾಟಿತೆಂದರೆ ಹಿಂದೆ ಇನ್ನೂ ಕೆಲವು ಇವೆಯೆಂದು ತಿಳಿದು ನಿಧಾನಿಸಬೇಕು. ಪ್ರಾಣಿ ಎದುರಾದಾಗ ದೀಪವನ್ನು ತಗ್ಗಿಸಿ, ನೇರವಾಗಿ ಬ್ರೇಕ್ ಹಿಡಿಯುವುದು ಕ್ಷೇಮಕರ. ಸಣ್ಣ ಪ್ರಾಣಿಯನ್ನು ತಪ್ಪಿಸಲೆಂದು ಥಟ್ಟನೆ ಪಕ್ಕಕ್ಕೆ ತಿರುಗಿಸಿ ಮರಕ್ಕೋ ಎದುರಿನ ವಾಹನಕ್ಕೋ ಬಡಿದು ಸತ್ತವರಿದ್ದಾರೆ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ ಕಾಯಬೇಕು. ಹಾರನ್ ಮಾಡುವುದು, ತಾಯಿ ಮತ್ತು ಮರಿಯ ನಡುವೆ ವಾಹನ ನುಗ್ಗಿಸುವುದು, ಕೆಳಗಿಳಿದು ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಅಪಾಯಕಾರಿ. ಕಾಡಿನೊಳಗಿನ ಭಾಗದಲ್ಲಿ ಅನವಶ್ಯಕವಾಗಿ ವಾಹನ ನಿಲ್ಲಿಸುವುದಕ್ಕೆ ನಿಷೇಧವಿದ್ದು, ಉಲ್ಲಂಘಿಸಿದವರಿಗೆ ಅರಣ್ಯ ಇಲಾಖೆ ದಂಡ ವಿಧಿಸುತ್ತದೆ.